ಗೆರೆಯಣ್ಣನ ನಾಲ್ಕು ತಟ್ಟೆ

ನನ್ನ ಗಂಡನಿಗೆ ಹೆತ್ತವರು ಇಟ್ಟ ಹೆಸರು ಈಗ ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಬೀದಿಯವರಿಗೆಲ್ಲ ಅವರು ಗೆರೆಯಣ್ಣ. ಅವರದು ಟೈರಿನ ಅಂಗಡಿ. ಗಾಡಿಯ ಗಾಲಿ ಬಿಚ್ಚಿ ಹಾಕಿ, ನಟ್ಟುಗಳನ್ನು ಅಳತೆಯ ಸ್ಪ್ಯಾನರಿನಲ್ಲಿ ಟಿಕ್ ಎನ್ನುವ ತನಕ ಬಿಗಿದ ಮೇಲೆ ಅವರು ಒಂದು ಚಿಕ್ಕ ಕುಂಚ ತೆಗೆದುಕೊಳ್ಳುತ್ತಾರೆ. ಒಂದೊಂದು ನಟ್ಟಿನ ಪಕ್ಕದಿಂದ ಗಾಲಿಯ ಮೈಮೇಲೆ ಇಳಿಯುವ ಹಾಗೆ ಬಿಳಿ ಬಣ್ಣದ ಗೆರೆ ಎಳೆಯುತ್ತಾರೆ. ನಟ್ಟು ಎಳ್ಳಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಕಾಣುತ್ತದೆ. ಆಮೇಲೆ ಗಿರಾಕಿಗೆ ಹೇಳುವುದು ಒಂದೇ ಮಾತು: "ಐವತ್ತು ಕಿಲೋಮೀಟರ್ ಆದ್ಮೇಲೆ ನಿಲ್ಸಿ, ಇಳಿದು ಗೆರೆ ನೋಡಿ. ಕದಲಿದ್ರೆ ಮುಂದೆ ಹೋಗ್ಬೇಡಿ."

ಮೂವತ್ತೊಂದು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಒಪ್ಪಿಸಬಲ್ಲೆ. ಗಿರಾಕಿಗಳು ಹೂಂ ಹೂಂ ಎಂದು ತಲೆಯಾಡಿಸಿ ಹೊರಟುಬಿಡುತ್ತಾರೆ. ಒಬ್ಬರಾದರೂ ನಿಲ್ಲಿಸಿ ನೋಡಿದ್ದಾರೆಂದು ನನಗೆ ನಂಬಿಕೆ ಇರಲಿಲ್ಲ. "ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ ಯಾಕ್ರೀ ದಿನಾ ಅದನ್ನೇ ಹೇಳ್ತೀರ?" ಎಂದು ಹಂಗಿಸಿದರೆ, "ಹೇಳೋದು ನನ್ನ ಕೆಲಸ, ನಿಲ್ಸೋದು ಅವರ ಕೆಲಸ" ಎನ್ನುತ್ತಿದ್ದರು. ನಮ್ಮವರು ಕೆಲಸದಲ್ಲಿ ಧಾರಾಳ, ಮಾತಿನಲ್ಲಿ ಜಿಪುಣರು.

ಗೆರೆಯ ಅಭ್ಯಾಸ ಅವರಿಗೆ ಬಂದದ್ದು ಬಸ್ಸಿನ ಡಿಪೋದಲ್ಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿ ಟೈರಿನ ವಿಭಾಗಕ್ಕೆ ಸೇರಿದ್ದರು. ಒಂದು ಬೆಳಿಗ್ಗೆ ಗೇಟು ದಾಟುತ್ತಿದ್ದ ಬಸ್ಸಿನ ಮುಂದಿನ ಗಾಲಿ ಕಳಚಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಪಾಡಿಗೆ ರಸ್ತೆಯಲ್ಲಿ ಉರುಳುತ್ತ ಹೋಯಿತಂತೆ. ಯಾರಿಗೂ ಏನೂ ಆಗಲಿಲ್ಲ. ಗಾಲಿ ಹಾಕಿದ್ದು ಇವರೂ ಅಲ್ಲ. ಆದರೂ ಆ ಗಾಲಿ ಮುದುಕಿಯೊಬ್ಬಳ ಚೀಲವನ್ನು ಸವರಿಕೊಂಡು ಹೋದದ್ದನ್ನು ಇವತ್ತಿಗೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ.

ಇನ್ನೊಂದು ಅಭ್ಯಾಸ ನನ್ನ ಅಡುಗೆಮನೆಗೆ ಸಂಬಂಧಪಟ್ಟದ್ದು. ಒಂದು ಗಾಲಿಗೆ ಒಂದು ತಟ್ಟೆ. ಆ ಗಾಲಿಗೆ ಹಾಕಬೇಕಾದ ನಟ್ಟುಗಳನ್ನು ಎಣಿಸಿ ಆ ತಟ್ಟೆಯಲ್ಲಿಟ್ಟರೆ ಮುಗಿಯಿತು. ತಟ್ಟೆಯಲ್ಲಿ ಏನಿದೆಯೋ ಅದು ಆ ಗಾಲಿಯದು, ಅದರಲ್ಲಿ ಮತ್ತೆ ಯೋಚನೆಯಿಲ್ಲ. ಪ್ಲಾಸ್ಟಿಕ್ ಪೆಟ್ಟಿಗೆ ತಂದುಕೊಟ್ಟೆ, ಬೇಡವೆಂದರು. ಪೆಟ್ಟಿಗೆಯ ಮೂಲೆಯಲ್ಲಿ ನಟ್ಟು ಅಡಗುತ್ತದಂತೆ, ತಟ್ಟೆಯಲ್ಲಾದರೆ ಎಲ್ಲವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವಂತೆ. ಅದಕ್ಕೆ ಬೇಕಾದದ್ದು ಯಾವ ತಟ್ಟೆ? ನಾವು ಸಂಸಾರ ಹೂಡಿದಾಗ ನನ್ನ ಅಮ್ಮ ಕೊಟ್ಟ ಆರು ಸ್ಟೀಲ್ ತಟ್ಟೆಗಳಲ್ಲಿ ನಾಲ್ಕು. ನಮ್ಮ ಮನೆ ಅಂಗಡಿಯ ಮೇಲೆಯೇ ಇರುವುದರಿಂದ ಕಳ್ಳತನ ಸಲೀಸು. ಅವರು ಕೆಳಕ್ಕೆ ಒಯ್ಯುವುದು, ನಾನು ಬೈದು ಮೇಲಕ್ಕೆ ತರುವುದು, ಗ್ರೀಸಿನ ವಾಸನೆ ಹೋಗುವ ತನಕ ಮೂರು ಸಲ ಉಜ್ಜುವುದು, ಮಾರನೆಯ ದಿನ ಅವು ಮತ್ತೆ ಮಾಯ. ನಮ್ಮ ದಾಂಪತ್ಯದ ಮುಕ್ಕಾಲು ಪಾಲು ಜಗಳ ಆ ನಾಲ್ಕು ತಟ್ಟೆಗಳ ಮೇಲೆಯೇ ನಡೆದಿದೆ.

ಇನ್ನು ನಮ್ಮ ಭಾವನ ವಿಷಯ. ಅಕ್ಕನ ಗಂಡ ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತರಾದ ಮೇಷ್ಟ್ರು. ಕೈ ಬಂಗಾರ, ಬಾಯಿ ಮಾತ್ರ ಉಳಿ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಷಡ್ಡಕರಿಬ್ಬರದು ಎಣ್ಣೆ ಸೀಗೇಕಾಯಿ ಸಂಬಂಧ. ಇಪ್ಪತ್ತು ವರ್ಷದ ಹಿಂದೆ ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ಭಾವ, "ಬಿಗಿದ್ಮೇಲೆ ಗೆರೆ ಯಾಕಪ್ಪಾ? ನಿನ್ನ ಕೈ ಮೇಲೆ ನಿನಗೇ ನಂಬಿಕೆ ಇಲ್ವಾ?" ಎಂದು ನಕ್ಕರು. ಎಲ್ಲರೂ ನಕ್ಕರು. ಸುಳ್ಳೇಕೆ ಹೇಳಲಿ, ನಾನೂ ನಕ್ಕೆ. ನಮ್ಮವರು ತಟ್ಟೆ ನೋಡಿಕೊಂಡು ಊಟ ಮುಗಿಸಿದರು. ಅಲ್ಲಿಂದ ಮುಂದೆ ಭಾವನ ಗಾಡಿ ಒಮ್ಮೆಯೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಅಕ್ಕನಿಗೆ ಕಾಯಿಲೆಯಾದದ್ದು ಮೂರು ವರ್ಷದ ಹಿಂದೆ. ಎರಡು ವರ್ಷ ಆಸ್ಪತ್ರೆಯ ಮಂಚ, ಆಸ್ಪತ್ರೆಯ ಕಿಟಕಿ, ಕಿಟಕಿಯಾಚೆ ಇನ್ನೊಂದು ಗೋಡೆ. ಗುಣವಾದಳು. ಗುಣವಾದ ದಿನ ಅವಳು ಕೇಳಿದ್ದು ಒಂದೇ: ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೆ ಸಮುದ್ರ ಇರಬೇಕು, ಮಲಗಿದ ಕಡೆಯಿಂದಲೇ ಕಾಣಬೇಕು. ಭಾವ ಒಂದು ಹಳೆಯ ಹಸಿರು ಸರಕು ವ್ಯಾನು ತಂದು ಮನೆಯ ಹಿಂದಿನ ಶೆಡ್ಡಿಗೆ ನುಗ್ಗಿಸಿ ಬಾಗಿಲು ಹಾಕಿಕೊಂಡರು. ಒಂದು ವರ್ಷ ಉಳಿ, ಗರಗಸದ ಸದ್ದು.

ಬಾಗಿಲು ತೆರೆದ ದಿನ ನಾವೂ ನೋಡಲು ಹೋದೆವು. ವ್ಯಾನಿನೊಳಗೆ ಒಂದು ಮನೆ! ಹಿಂಬಾಗಿಲಿನ ಗಾಜಿಗೆ ಮುಖ ಮಾಡಿಕೊಂಡು ಇಬ್ಬರು ಮಲಗುವ ಮಂಚ, ಮಡಚುವ ಮೇಜು, ಪುಟ್ಟ ಒಲೆ, ನೀರಿನ ತೊಟ್ಟಿ, ಎರಡೂ ಪಕ್ಕಕ್ಕೆ ಕಪಾಟು. ಎಲ್ಲವೂ ಗಟ್ಟಿ ಮರದ್ದು. ಪ್ಲೈವುಡ್ ಎಂದರೆ ಭಾವನಿಗೆ ಬೈಗುಳವಿದ್ದಂತೆ. ನಾನು ಕಪಾಟಿನ ಬಾಗಿಲುಗಳನ್ನು ತೆಗೆದು ಹಾಕಿ, ತೆಗೆದು ಹಾಕಿ ಹೊಗಳಿದೆ. ನಮ್ಮವರು ಒಳಕ್ಕೇ ಬರಲಿಲ್ಲ. ಹಿಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಹೊಟ್ಟೆ ಸವರುತ್ತಿದ್ದರು.

"ಮೇಷ್ಟ್ರೇ," ಎಂದರು ಕೊನೆಗೆ, "ಮನೆ ಚೆನ್ನಾಗಿದೆ. ಕಾಲು ಸರಿಯಿಲ್ಲ."

ಭಾವನ ಮುಖ ಕೆಂಪಾಯಿತು. "ಯಾಕೆ, ಓಡ್ತಾ ಇದ್ಯಲ್ಲ!"

"ಖಾಲಿ ಇದ್ದಾಗ ಓಡ್ತಿತ್ತು. ಇವು ಕಾರಿನ ಟೈರು. ಇಷ್ಟು ಮರ, ನೀರು, ನೀವಿಬ್ರು. ಹೊಟ್ಟೆ ನೋಡಿ ಹೇಗೆ ಉಬ್ಬಿದೆ. ಘಟ್ಟ ಇಳಿಯೋವಾಗ ಬಿಸಿಯಾದ್ರೆ ಒಡೆಯುತ್ತೆ."

ಭಾವ ಏನೋ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ಒಳಗಿನಿಂದಲೇ, "ಕಾಲು ಸರಿ ಆಗೋ ತನಕ ನಾನು ಈ ಮನೆಗೆ ಬರಲ್ಲ" ಎಂದಳು. ಎರಡು ವರ್ಷ ಆಸ್ಪತ್ರೆಯಲ್ಲಿ ಇದ್ದು ಬಂದವಳ ಮಾತು. ಭಾವ ಬಾಯಿ ಮುಚ್ಚಿದರು.

ನಮ್ಮವರು ಮೊದಲು ಮಾಡಿಸಿದ ಕೆಲಸ ತೂಕ. ತೊಟ್ಟಿಗೆ ನೀರು ತುಂಬಿಸಿ, ಪಾತ್ರೆ, ಹಾಸಿಗೆ, ಪುಸ್ತಕ ಎಲ್ಲ ಇಡಿಸಿ, ಇಬ್ಬರನ್ನೂ ಕೂರಿಸಿ ಲಾರಿ ತೂಗುವ ಕಡೆಗೆ ಕರೆದುಕೊಂಡು ಹೋದರು. "ನನ್ನ ಪಾಲಿನ ತೂಕ ಎಷ್ಟು ಅಂತ ಯಾರಿಗೂ ಹೇಳ್ಬೇಡಿ" ಎಂದು ಅಕ್ಕ ಕಿಟಕಿಯಿಂದ ಕೂಗಿದಳು. ಆ ಅಂಕಿ ಹಿಡಿದು ಟೈರು ಆರಿಸಿದರು: ಸರಕು ಗಾಡಿಯದು, ಪಕ್ಕೆ ಗಟ್ಟಿ, ಹೆಚ್ಚು ಗಾಳಿ ತಡೆಯುವಂಥದ್ದು. ರಬ್ಬರಿನ ವಾಲ್ವ್ ತೆಗೆಸಿ ಲೋಹದ್ದು. ಗಾಲಿ ಮಾತ್ರ ಭಾವನಿಗೆ ಅಂದದ್ದೇ ಬೇಕಿತ್ತು, ಹೊಳೆಯುವ ಅಲಾಯ್, ಒಂದು ಇಂಚು ದೊಡ್ಡದು. ನಮ್ಮವರು ಗಾಲಿಯ ಬೆನ್ನಿನ ಮೇಲೆ ಅಚ್ಚೊತ್ತಿದ್ದ ಭಾರದ ಅಂಕಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಆಗುತ್ತೆ" ಎಂದರು. ಷಡ್ಡಕರು ಒಪ್ಪಿದ ಮೊದಲನೆಯ ಸಂಗತಿ ಅದು.

ಆ ಗಾಲಿಗಳ ಜೊತೆ ಅವುಗಳದೇ ಇಪ್ಪತ್ನಾಲ್ಕು ನಟ್ಟು ಬಂದವು. ಕಬ್ಬಿಣದ ಹಳೆ ಗಾಲಿಯ ನಟ್ಟಿನ ತುದಿ ಚೂಪಾಗಿ ಇಳಿಯುತ್ತದೆ, ಈ ಹೊಸದರ ತುದಿ ಗುಂಡಗೆ. ಗಾಲಿಯಲ್ಲಿ ನಟ್ಟು ಕೂರುವ ಗುಂಡು ಗುಳಿಗೆ ಚೂಪು ನಟ್ಟು ಹಾಕಿದರೂ ಬಿಗಿಯುವಾಗ ಗೊತ್ತಾಗುವುದಿಲ್ಲ, ಸ್ಪ್ಯಾನರ್ ಟಿಕ್ ಎಂದೇ ಎನ್ನುತ್ತದೆ. ಗಾಡಿ ಓಡುತ್ತ ಓಡುತ್ತ ಮೆಲ್ಲಗೆ ಸಡಿಲವಾಗುತ್ತದೆ. ಇದು ನಾನು ಆಮೇಲೆ ಕಲಿತ ಪಾಠ. ಅಂದು ನನ್ನ ಕಣ್ಣಿಗೆ ನಟ್ಟೆಂದರೆ ನಟ್ಟು, ಅಷ್ಟೆ.

ಗಾಲಿ ಬದಲಾಯಿಸಿಕೊಂಡು, ನಮ್ಮಲ್ಲೇ ಊಟ ಮಾಡಿ, ನೇರ ಸಮುದ್ರಕ್ಕೆ ಹೊರಡುವುದೆಂದು ತೀರ್ಮಾನವಾಗಿತ್ತು. ಮೊದಲ ಅರವತ್ತು ಕಿಲೋಮೀಟರು ಬಯಲು, ಆಮೇಲೆ ತಿರುವು ತಿರುವಿನ ಘಟ್ಟ. ಬೆಳಿಗ್ಗೆ ಒಂಬತ್ತಕ್ಕೆಲ್ಲ ವ್ಯಾನು ನಮ್ಮ ಅಂಗಡಿಯಲ್ಲಿ ಗಾಡಿ ಹೊರುವ ನಾಲ್ಕು ಕಬ್ಬಿಣದ ಕುದುರೆಗಳ ಮೇಲೆ ಕಾಲಿಲ್ಲದೆ ನಿಂತಿತ್ತು. ನಮ್ಮವರು ಹಳೆಯ ನಟ್ಟುಗಳನ್ನು ಬೆಂಚಿನ ಮೇಲಿದ್ದ ಒಂದು ಖಾಲಿ ಬಣ್ಣದ ಡಬ್ಬಕ್ಕೆ ಹಾಕಿದರು. ಹೊಸದನ್ನು ಆರಾರು ಎಣಿಸಿ ನಾಲ್ಕು ತಟ್ಟೆಗಳಲ್ಲಿಟ್ಟು ಒಂದೊಂದು ಗಾಲಿಯ ಜಾಗಕ್ಕೆ ಒಂದೊಂದು ತಟ್ಟೆ ಇಟ್ಟರು. ಯಾವ ತಟ್ಟೆಗಳೆಂದು ಬೇರೆ ಹೇಳಬೇಕಾಗಿಲ್ಲ.

ಭಾವ ನೆರಳಿನ ಹಾಗೆ ಅವರ ಹಿಂದೆಯೇ. "ಆ ಕಡೆ ಸ್ವಲ್ಪ ಎತ್ತು, ಈ ಕಡೆ ಸ್ವಲ್ಪ ಇಳಿಸು, ಬಣ್ಣ ಗೀಚೀಯ ಜೋಕೆ." ಟೈರು ತಿರುಗಿಸಿ ತೂಕ ಸರಿಮಾಡುವ ಯಂತ್ರ ಅಂಗಡಿಯ ಹಿಂಬದಿಯ ಕೋಣೆಯಲ್ಲಿದೆ. ಅಲ್ಲಿಗೂ ಹಿಂಬಾಲಿಸಿ ಹೋದರು. ಯಂತ್ರದ ಸದ್ದಿಗಿಂತ ಭಾವನ ಸದ್ದೇ ಜೋರಾಗಿತ್ತು.

ಹನ್ನೆರಡಕ್ಕೆ ನಾನು ಕೆಳಗಿಳಿದೆ. ಅಡುಗೆಯಾಗಿತ್ತು, ಅಕ್ಕ ಮೇಲೆ ಕೂತಿದ್ದಳು, ಬಡಿಸಲು ನೋಡಿದರೆ ಎರಡೇ ತಟ್ಟೆ. ಅಮ್ಮ ಕೊಟ್ಟ ತಟ್ಟೆಗಳು ನೆಲದ ಮೇಲೆ ನಟ್ಟು ತುಂಬಿಕೊಂಡು ಬಿದ್ದಿವೆ! ನನ್ನ ಪಿತ್ತ ನೆತ್ತಿಗೇರಿತು. ಭಾವ ಊಟಕ್ಕೆ ಕೂತಾಗ ಗ್ರೀಸಿನ ವಾಸನೆ ಬಂದರೆ ಇನ್ನಿಪ್ಪತ್ತು ವರ್ಷ ಆಡಿಕೊಳ್ಳುತ್ತಾರೆ. ನಾಲ್ಕೂ ತಟ್ಟೆಯ ನಟ್ಟನ್ನು ಬೆಂಚಿನ ಮೇಲಿದ್ದ ಅಂಥದೇ ಇನ್ನೊಂದು ಖಾಲಿ ಡಬ್ಬಕ್ಕೆ ಸುರಿದೆ. ಅಷ್ಟರಲ್ಲಿ ಅಂಗಡಿಯ ಫೋನು ಹೊಡೆದುಕೊಂಡಿತು. ಲಾರಿಯ ಟೈರಿನ ಬಗ್ಗೆ ಯಾರೋ ಉದ್ದಕ್ಕೆ ಕೇಳಿದರು, ನಾನು ಉದ್ದಕ್ಕೆ ಹೇಳಿದೆ. ಹಾಗೇ ಮೇಲೆ ಹೋಗಿ ತಟ್ಟೆ ತೊಳೆದಿಟ್ಟು, ಮೆಟ್ಟಿಲ ಕೆಳಗಿದ್ದ ನಾಲ್ಕು ಸೊಟ್ಟ ತಟ್ಟೆ ಹುಡುಕಿ ತಂದೆ. ಬೆಂಚಿನ ಮೇಲೆ ಈಗ ಎರಡು ಡಬ್ಬ, ಎರಡರಲ್ಲೂ ನಟ್ಟು, ಎರಡೂ ಥಳಥಳ, ನಾನು ಸುರಿದದ್ದು ಯಾವುದಕ್ಕೆಂದು ಮರೆತೇಹೋಗಿತ್ತು. ಒಂದು ಕೊಂಚ ಹೆಚ್ಚೇ ಹೊಳೆಯುತ್ತಿತ್ತು. ಹೊಸದು ಇದೇ ಇರಬೇಕೆಂದು ಅದರಿಂದ ಆರಾರು ಎಣಿಸಿ ನಾಲ್ಕು ತಟ್ಟೆಗೆ ಹಾಕಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಂದಿಗೆಲ್ಲ ಬುದ್ಧಿ ಹೇಳುವವಳು ನಾನು. ಆದರೆ ತನ್ನ ವ್ಯಾನಿನ ಹಳೆಯ ನಟ್ಟುಗಳನ್ನು ಒಂದೊಂದಾಗಿ ಕೂತು ಪಾಲಿಷ್ ಹಾಕಿ ಉಜ್ಜುವ ಮನುಷ್ಯ ಭೂಮಿಯ ಮೇಲೆ ಇದ್ದಾನೆಂದು ನಾನಾದರೂ ಹೇಗೆ ಎಣಿಸಲಿ!

ಊಟವಾಯಿತು. ಗಾಲಿಗಳು ಹತ್ತಿದವು. ತಟ್ಟೆ ಸೊಟ್ಟದ್ದಾಗಿರುವುದನ್ನು ನಮ್ಮವರು ನೋಡಿದರು, ನನ್ನ ಕೆಲಸವೆಂದು ತಿಳಿದು ಒಳಗೇ ನಕ್ಕರು. ನಟ್ಟನ್ನು ನೋಡಲಿಲ್ಲ. ತಟ್ಟೆಯಲ್ಲಿರುವುದು ಆ ಗಾಲಿಯದೇ ಎನ್ನುವುದು ಅವರ ಮೂವತ್ತು ವರ್ಷದ ನಂಬಿಕೆ, ಜೊತೆಗೆ ಭಾವ ಕಿವಿಯ ಹತ್ತಿರ ನಿಂತು ಉಪದೇಶ ಮಾಡುತ್ತಲೇ ಇದ್ದರು. ಇಪ್ಪತ್ನಾಲ್ಕು ಸಲ ಟಿಕ್ ಎಂದಿತು. ಇಪ್ಪತ್ನಾಲ್ಕು ಗೆರೆ ಎಳೆದರು. "ಐವತ್ತು ಕಿಲೋಮೀಟರ್ ಆದ್ಮೇಲೆ ನಿಲ್ಸಿ..."

"ನಿಲ್ಸಿ ನಿನ್ನ ಗೆರೆಗೆ ಸಲಾಮು ಹೊಡೀಬೇಕಾ?" ಎಂದು ಭಾವ ನಕ್ಕರು. ಒಂದೂವರೆಗೆ ಹೊರಟರು. ಅಕ್ಕ ತಿರುವಿನ ತನಕ ಕೈ ಹೊರಗೆ ಹಾಕಿ ಬೀಸುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಖುಷಿ ನೋಡಿ ಮೂರು ವರ್ಷವಾಗಿತ್ತು.

ಎರಡು ಗಂಟೆಗೆ ನಾನು ಪಾತ್ರೆ ತೊಳೆಯುತ್ತಿದ್ದೆ. ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಅಂಗೈ ಮೇಲೆ ಒಂದು ನಟ್ಟಿತ್ತು. ಹಳೆಯ ಗಾಲಿಗೆ ಅದರ ನಟ್ಟು ಕಟ್ಟಿಡಲು ಹೋಗಿ, ಡಬ್ಬದೊಳಗೆ ಕೈ ಹಾಕಿದ್ದರು.

"ತಟ್ಟೆ ಬದಲಾಯಿಸಿದಾಗ ನಟ್ಟು ಯಾವ ಡಬ್ಬದಿಂದ ತೆಗೆದೆ?"

"ಹೊಳೀತಿದ್ದಿದ್ದರಿಂದ. ಯಾಕೆ?"

ನನ್ನ ಒದ್ದೆ ಬೆರಳು ಹಿಡಿದು ನಟ್ಟಿನ ತುದಿಯ ಮೇಲೆ ಸವರಿಸಿದರು. "ಗುಂಡಗಿದೆ ನೋಡು. ಇದು ಗಾಡೀಲಿ ಇರ್ಬೇಕಾಗಿತ್ತು."

ಎರಡೇ ಮಾತಿನಲ್ಲಿ ಅವರು ವಿಷಯ ತಿಳಿಸಿದರು: ಬಯಲಲ್ಲಿ ಸಡಿಲವಾಗುತ್ತದೆ, ಘಟ್ಟದಲ್ಲಿ ಕಳಚುತ್ತದೆ. ಅಂಗಡಿಯ ಫೋನಿನಿಂದ ಭಾವನಿಗೆ ಮಾಡಿದೆ. ಗಾಡಿ ಓಡಿಸುವಾಗ ಫೋನನ್ನು ಡಬ್ಬಿಯೊಳಗೆ ಹಾಕಿಡುವ ಶಿಸ್ತಿನ ಮನುಷ್ಯ, ಎತ್ತಲಿಲ್ಲ. ಅಕ್ಕನಿಗೆ ಮಾಡಿದರೆ ಅವಳ ಫೋನು ನಮ್ಮ ನಡುಮನೆಯಲ್ಲೇ, ದಿಂಬಿನ ಕೆಳಗೆ ಹಾಡತೊಡಗಿತು.

"ಮರೆಗುಳಿ ಮುಂಡೇದು!" ಎಂದು ಅಳುತ್ತ ಬೈದೆ.

"ಚಪ್ಪಲಿ ಹಾಕ್ಕೋ" ಎಂದರು ನಮ್ಮವರು.

ಡಬ್ಬ, ಜಾಕು, ಸ್ಪ್ಯಾನರ್, ಬಣ್ಣ ಎಲ್ಲ ನಮ್ಮ ಪಿಕಪ್ಪಿಗೆ ತುಂಬಿ ಹೊರಟೆವು. ನಮ್ಮವರು ಮೊಬೈಲು ಇಟ್ಟುಕೊಳ್ಳುವವರಲ್ಲ. ಅಕ್ಕನನ್ನು ಬೈದ ನಾನು ನನ್ನದನ್ನು ಅಂಗಡಿಯ ಮೇಜಿನ ಮೇಲೆಯೇ ಬಿಟ್ಟಿದ್ದೆನೆಂದು ಗೊತ್ತಾದದ್ದು ಊರು ದಾಟಿದ ಮೇಲೆ. ತಿರುಗಿ ಹೋಗುವ ಹಾಗಿರಲಿಲ್ಲ.

"ಇನ್ನೂ ಜೋರಾಗಿ ಓಡಿಸ್ರೀ!"

"ನಾವೇ ಹಳ್ಳಕ್ಕೆ ಬಿದ್ರೆ ನಟ್ಟು ಯಾರು ತಲುಪಿಸ್ತಾರೆ?" ಅರವತ್ತರ ಮೇಲೆ ಮುಳ್ಳು ಹೋಗಲಿಲ್ಲ. ಭಾವ ನಲವತ್ತರ ಮೇಲೆ ಹೋಗುವವರಲ್ಲ, ಅಷ್ಟೇ ಸಮಾಧಾನ. ಲೆಕ್ಕ ಹಾಕಿದೆ. ಹೇಗೆ ಹಾಕಿದರೂ ನಾವು ಅವರನ್ನು ಹಿಡಿಯುವಷ್ಟರಲ್ಲಿ ಅವರು ಘಟ್ಟದ ಮಧ್ಯದಲ್ಲಿರುತ್ತಾರೆ.

ರಸ್ತೆಯ ಪಕ್ಕದ ಒಂದೊಂದು ಹಳ್ಳವನ್ನೂ ಇಣುಕಿ ನೋಡುತ್ತ ಬಂದೆ. ಒಂದು ಕಡೆ ಹಸಿರು ಬಣ್ಣ ಕಂಡು, ವ್ಯಾನೇ ಬಿದ್ದಿದೆ ಎಂದು ಕೂಗಿಬಿಟ್ಟೆ. ಅದು ಯಾರೋ ಒಣಗಲು ಹಾಕಿದ್ದ ಟಾರ್ಪಾಲು. ತಡೆಯಲಾಗದೆ, "ಬೈಯ್ರಿ ನನ್ನ. ಒಂದು ಮಾತಾದ್ರೂ ಬೈದುಬಿಡಿ" ಎಂದೆ.

"ಸ್ಪ್ಯಾನರ್ ನನ್ನ ಕೈಲಿತ್ತು. ನೋಡ್ಬೇಕಾದೋನು ನಾನು. ಮೂವತ್ತು ವರ್ಷ ತಟ್ಟೆ ನಂಬಿದೆ, ಇವತ್ತು ನಟ್ಟು ನೋಡ್ಲಿಲ್ಲ."

"ಅವರು ಐವತ್ತಕ್ಕೆ ನಿಲ್ಲಿಸಿದ್ರೆ?"

ನಮ್ಮವರು ಇಲ್ಲವೆಂಬಂತೆ ತಲೆಯಾಡಿಸಿದರು. ಮೂವತ್ತೊಂದು ವರ್ಷ ಹೇಳಿದವರಿಗೂ ನಂಬಿಕೆ ಇಲ್ಲವೆಂದು ನನಗೆ ಅವತ್ತು ಗೊತ್ತಾಯಿತು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದಿತು.

ನಲವತ್ತೆಂಟು. ನಲವತ್ತೊಂಬತ್ತು. ಐವತ್ತರ ಕಲ್ಲು ದಾಟಿತು, ಏನೂ ಇರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. "ತೆಗಿ ಕಣ್ಣು" ಎಂದರು ನಮ್ಮವರು.

ಒಂದು ದೊಡ್ಡ ಮರದ ಕೆಳಗೆ, ರಸ್ತೆಯಿಂದ ಚೆನ್ನಾಗಿ ಒಳಕ್ಕೆ, ಹಸಿರು ವ್ಯಾನು ನಿಂತಿತ್ತು. ಅಕ್ಕ ಮಡಚುವ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದಳು. ಭಾವ ಹಿಂದಿನ ಎಡಗಾಲಿಯ ಮುಂದೆ ಬಟ್ಟೆ ಹಾಸಿಕೊಂಡು, ತಪ್ಪು ಲೆಕ್ಕ ಮಾಡಿದ ವಿದ್ಯಾರ್ಥಿಯನ್ನು ನೋಡುವಂತೆ ಗಾಲಿಯನ್ನೇ ನೋಡುತ್ತ ಕೂತಿದ್ದರು. ಹೋದ ಜೀವ ಬಂತು. ನಾನು ಪಿಕಪ್ಪು ಪೂರ್ತಿ ನಿಲ್ಲುವ ಮೊದಲೇ ಇಳಿದು ಓಡಿ ಅಕ್ಕನನ್ನು ತಬ್ಬಿಕೊಂಡೆ. ಟೀ ಇಬ್ಬರ ಮೈಮೇಲೂ ಚೆಲ್ಲಿತು. ನಗುತ್ತಿದ್ದೆನೋ ಅಳುತ್ತಿದ್ದೆನೋ, ಎರಡೂ ಇದ್ದವು.

"ಏನಾಯ್ತೇ ನಿಂಗೆ? ಫೋನ್ ಮರೆತೆ ಅಂತ ಇಷ್ಟು ದೂರ ತಂದ್ಯಾ?" ಎಂದಳು ಅಕ್ಕ.

ಭಾವ ಎದ್ದು ನಿಂತರು. ನಮ್ಮವರ ಕಡೆ ನೋಡಿ, ಶಾಲೆಯಲ್ಲಿ ವರದಿ ಒಪ್ಪಿಸುವ ಹಾಗೆ ಹೇಳಿದರು. "ಐವತ್ತಕ್ಕೆ ನಿಲ್ಸಿದೆ. ಈ ಗಾಲೀಲಿ ನಾಲ್ಕು ಗೆರೆ ಕದಲಿತ್ತು. ಬಿಗಿದೆ. ಈ ಮರದ ತನಕ ನಿಧಾನಕ್ಕೆ ತಂದು ನೋಡಿದೆ, ಮತ್ತೆ ಕದಲಿತ್ತು. ಕದಲಿದ್ರೆ ಮುಂದೆ ಹೋಗ್ಬೇಡಿ ಅಂತ ನೀನು ಅಂದಿದ್ದೆ. ಹೋಗ್ಲಿಲ್ಲ. ಅಂಗಡಿಗೆ ಫೋನ್ ಮಾಡಿದ್ರೆ ಯಾರೂ ಎತ್ತಲಿಲ್ಲ."

ನಮ್ಮವರು ಗಾಲಿಯ ಮುಂದೆ ಕೂತೇಬಿಟ್ಟರು. "ನೀವು ನಿಲ್ಲಿಸ್ತೀರ ಅಂತ ಅಂದ್ಕೊಂಡಿರ್ಲಿಲ್ಲ ಮೇಷ್ಟ್ರೇ."

"ನಿಲ್ಲಿಸ್ದೆ ಏನು?" ಎಂದಳು ಅಕ್ಕ. "ನಲವತ್ತರಿಂದ್ಲೇ ಮೀಟರ್ ನೋಡ್ತಿದ್ರು, ನಾನೇ ರಸ್ತೆ ನೋಡಿ ಅಂತ ಬೈದೆ. ಇವರ ಕಥೆ ನಿಮಗೇನು ಗೊತ್ತು? ನಮ್ಮ ಕಾರಿಗೆ ಎಲ್ಲಿ ಟೈರು ಹಾಕಿಸ್ಲಿ, ಮನೆಗೆ ಬಂದು ಸೀಮೆಸುಣ್ಣದಲ್ಲಿ ನಟ್ಟಿಗೆಲ್ಲ ಗೆರೆ ಎಳೀತಾರೆ. ಇಪ್ಪತ್ತು ವರ್ಷದಿಂದ."

ಭಾವ ಕೆಮ್ಮಿದರು. ಮರದ ಕಡೆ ನೋಡಿದರು. ಬೇರೆ ದಾರಿ ಇಲ್ಲವೆಂದು ಖಾತ್ರಿಯಾದ ಮೇಲೆ, "ನೀನು ಹೇಳಿದ್ದು ಸರಿ ಅಂತ ಅವತ್ತು ರಾತ್ರಿನೇ ಅನ್ನಿಸ್ತು. ಎಲ್ಲರ ಮುಂದೆ ನಕ್ಕಾಗಿತ್ತು. ಆಮೇಲೆ ಯಾವ ಮುಖ ಹೊತ್ಕೊಂಡು ನಿನ್ನ ಅಂಗಡಿಗೆ ಬರೋದು?" ಎಂದರು.

ನಮ್ಮವರು ಕದಲಿದ ಗೆರೆಯ ಮೇಲೆ ಬೆರಳಾಡಿಸಿದರು. "ಇದು ನನ್ನ ತಪ್ಪು ಮೇಷ್ಟ್ರೇ. ಹಳೇ ನಟ್ಟು ಹಾಕ್ಬಿಟ್ಟೆ."

ಅಲ್ಲಿ ನಾನು ಸುಮ್ಮನಿರಬಹುದಿತ್ತು. ನಮ್ಮವರು ಜೀವಮಾನದಲ್ಲಿ ಒಮ್ಮೆಯೂ ನನ್ನ ಹೆಸರು ಎತ್ತುತ್ತಿರಲಿಲ್ಲ. ಆದರೆ ಆ ಮನುಷ್ಯನ ಮೂವತ್ತೊಂದು ವರ್ಷದ ಮರ್ಯಾದೆಯನ್ನು ನನ್ನ ತಟ್ಟೆಗಾಗಿ ಹಾಳು ಮಾಡುವುದು ನನ್ನಿಂದ ಆಗಲಿಲ್ಲ. "ಇಲ್ಲ ಭಾವ. ಅವರು ಸರಿಯಾಗೇ ಇಟ್ಟಿದ್ರು. ಬಡಿಸೋಕೆ ತಟ್ಟೆ ಬೇಕು ಅಂತ ನಾನು ಸುರಿದು, ತಪ್ಪು ಡಬ್ಬದಿಂದ ತುಂಬಿಸಿದೆ. ನಿಮ್ಮ ನಟ್ಟು ಹೊಸದಕ್ಕಿಂತ ಹೊಳೀತಿತ್ತು."

"ಹಾಗಾದ್ರೆ ಉಜ್ಜಿದ್ದು ನನ್ನ ತಪ್ಪು" ಎಂದರು ಭಾವ.

"ನೋಡದೆ ಹಾಕಿದ್ದು ನನ್ನ ತಪ್ಪು" ಎಂದರು ನಮ್ಮವರು.

"ಮೂರೂ ಜನ ತಪ್ಪು ಹಂಚ್ಕೊಂಡು ಮುಗೀತಾ?" ಎಂದಳು ಅಕ್ಕ. "ಸಮುದ್ರ ಎಲ್ಲೂ ಓಡಿಹೋಗಲ್ಲ, ಸೂರ್ಯ ಹೋಗ್ತಾನೆ. ಬೇಗ ನಟ್ಟು ಹಾಕಿ."

ನಮ್ಮವರು ಒಂದೊಂದೇ ಗಾಲಿ ಬಿಚ್ಚಿ, ಗುಳಿಗಳೊಳಗೆ ಬೆರಳು ಹಾಕಿ ಸವರಿ, ಟಾರ್ಚು ಬಿಟ್ಟು ನೋಡಿದರು. ತೆಳ್ಳಗೆ ಒಂದು ಹೊಳಪಿನ ಉಂಗುರ ಮೂಡಿತ್ತು, ಅಷ್ಟೆ. "ಕೆಟ್ಟಿಲ್ಲ. ಇನ್ನು ಹತ್ತು ತಿರುವು ಇಳಿದಿದ್ರೆ ಕೆಡ್ತಿತ್ತು" ಎಂದರು. ಉಳಿದ ಮೂರು ಗಾಲಿಗಳಲ್ಲಿ ಒಂದರ ಗೆರೆ ಆಗಲೇ ಕದಲತೊಡಗಿತ್ತು. ಆಮೇಲೆ ಡಬ್ಬ ಎತ್ತಿಕೊಂಡು, ಅತ್ತಿತ್ತ ನೋಡಿ, ನನ್ನ ಕಡೆ ನೋಡದೆ ಅಕ್ಕನನ್ನು ಕೇಳಿದರು. "ತಟ್ಟೆ ಇದ್ಯಾ?"

ಅಕ್ಕ ವ್ಯಾನಿನ ಕಪಾಟಿನಿಂದ ನಾಲ್ಕು ತಟ್ಟೆ ತಂದುಕೊಟ್ಟಳು. ಅಂಗಡಿಯ ಚೀಟಿಯೂ ಕಿತ್ತಿರದ ಹೊಚ್ಚ ಹೊಸವು. ನಾನೇ ಆರಾರು ಎಣಿಸಿದೆ, ಒಂದೊಂದರ ತುದಿಯನ್ನೂ ಹೆಬ್ಬೆರಳಲ್ಲಿ ಮುಟ್ಟಿ. ಗುಂಡು, ಗುಂಡು, ಗುಂಡು.

ಇಪ್ಪತ್ನಾಲ್ಕು ಟಿಕ್ ಆದ ಮೇಲೆ ನಮ್ಮವರು ಹಳೆಯ ಗೆರೆಗಳನ್ನೆಲ್ಲ ಒರೆಸಿ, ಕುಂಚ ಬಣ್ಣಕ್ಕೆ ಅದ್ದಿ, ಭಾವನ ಕಡೆ ಚಾಚಿದರು. ಅಂಗಡಿಯ ಯಾರ ಕೈಗೂ ಅವರು ಆ ಕುಂಚ ಕೊಟ್ಟದ್ದಿಲ್ಲ. ಭಾವ ಕನ್ನಡಕ ಸರಿಮಾಡಿಕೊಂಡು ಮಂಡಿಯೂರಿದರು. ಮರದ ಮೇಲೆ ಕೂದಲೆಳೆಯ ಗೆರೆ ಹಾಕುವ ಆ ಕೈಯಲ್ಲೂ ಮೊದಲ ಗೆರೆ ಸ್ವಲ್ಪ ವಾರೆ ಬಂತು. "ಇರ್ಲಿ ಮೇಷ್ಟ್ರೇ, ವಾರೆ ಗೆರೆನೂ ಮುರಿದ್ರೆ ಕಾಣುತ್ತೆ" ಎಂದರು ನಮ್ಮವರು.

"ಐವತ್ತು ಕಿಲೋಮೀಟರ್ ಆದ್ಮೇಲೆ..." ಎಂದು ಅವರು ಶುರು ಮಾಡುವಷ್ಟರಲ್ಲಿ ಭಾವ, ಅಕ್ಕ, ನಾನು ಮೂವರೂ ಸೇರಿ ಉಳಿದದ್ದನ್ನು ಒಪ್ಪಿಸಿದೆವು.

ನಾವು ಮನೆಗೆ ಬಂದಾಗ ಐದು ಗಂಟೆ. ನಮ್ಮವರು ಬಟ್ಟೆ ಬದಲಾಯಿಸದೆ ಅಂಗಡಿಯ ಫೋನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಟೀ ಕೊಟ್ಟೆ, ಆರಿಹೋಯಿತು. ಇನ್ನೊಂದು ಕೊಟ್ಟೆ, ಅದೂ ಆರಿತು. ಐದೂ ಮುಕ್ಕಾಲಿಗೆ ಫೋನು ಹೊಡೆದುಕೊಂಡಿತು. ಅವರು ಎತ್ತಲಿಲ್ಲ, ನನ್ನ ಮುಖ ನೋಡಿದರು. ನಾನು ಎತ್ತಿದೆ.

"ಅವನಿಗೆ ಕೊಡು" ಎಂದರು ಭಾವ.

ಕೊಟ್ಟೆ. ಷಡ್ಡಕರಿಬ್ಬರು ಫೋನಿನಲ್ಲಿ ಮಾತಾಡಿದ್ದು ಅದೇ ಮೊದಲು. ಭಾವನ ಧ್ವನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು. "ಘಟ್ಟ ಇಳಿದಾಯ್ತು. ಐವತ್ತಕ್ಕೆ ನಿಲ್ಸಿದೀವಿ. ಇಪ್ಪತ್ನಾಲ್ಕೂ ಹಾಗೇ ಇವೆ. ವಾರೆದು ಕೂಡ." ಹಿಂದಿನಿಂದ ಅಕ್ಕ ಏನೋ ಕೂಗುತ್ತಿದ್ದಳು. "ಇಲ್ಲಿಂದಲೇ ಉಪ್ಪಿನ ವಾಸನೆ ಬರ್ತಿದೆ ಅಂತೆ, ನಿನಗೆ ಹೇಳ್ಬೇಕಂತೆ."

"ಹೂಂ" ಎಂದರು ನಮ್ಮವರು. ಫೋನಿಟ್ಟು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು ಪಕ್ಕದಲ್ಲಿ ನಿಂತು ಅವರ ಬೆನ್ನು ಸವರಿದೆ. ಆಮೇಲೆ ಆರಿದ ಟೀಗಳೆರಡನ್ನೂ ಒಂದಾದ ಮೇಲೊಂದು ಕುಡಿದರು.

ನಾನು ಮೇಲೆ ಹೋಗಿ ಅಮ್ಮ ಕೊಟ್ಟ ನಾಲ್ಕು ತಟ್ಟೆ ತಂದು ಅಂಗಡಿಯ ಬೆಂಚಿನ ಮೇಲಿಟ್ಟೆ. "ಇನ್ನು ಇವು ಇಲ್ಲೇ ಇರ್ಲಿ."

"ಊಟಕ್ಕೆ?"

"ಸೊಟ್ಟದ್ದು ನಾಲ್ಕಿದ್ಯಲ್ಲ."

ಹತ್ತು ದಿನದ ಮೇಲೆ ಅಕ್ಕ ಬಿಸಿಲಿಗೆ ಮೂಗು ಕೆಂಪು ಮಾಡಿಕೊಂಡು ಬಂದಳು. ಭಾವ ವ್ಯಾನನ್ನು ನೇರ ನಮ್ಮ ಅಂಗಡಿಯೊಳಗೇ ತಂದು ನಿಲ್ಲಿಸಿದರು. ನಾಲ್ವರಿಗೂ ಸೊಟ್ಟ ತಟ್ಟೆಯಲ್ಲೇ ಬಡಿಸಿದೆ. ಭಾವ ತಟ್ಟೆಯನ್ನು ಒಮ್ಮೆ ಮೂಸಿ ನೋಡಿದರು, ಎರಡು ಸಲ ಬಡಿಸಿಕೊಂಡು ಉಂಡರು.